ಗಬ್ಬದ ಕುರಿಯ ದಾರಿ

ಆ ಗುಡ್ಡದ ಕೆಲಸ ನನಗೆ ಸಿಕ್ಕಿದ್ದು ನನ್ನ ಎಡಗಾಲಿನ ದೆಸೆಯಿಂದ. ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಸಣ್ಣಗಾದ ಕಾಲು ಅದು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಬಲಗೈಯಲ್ಲಿ ಊರುಗೋಲು ಹಿಡಿದು ನಡೆಯುತ್ತೇನೆ. ಓದಿದ್ದು ಸಿವಿಲ್ ಡಿಪ್ಲೊಮಾ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಕಚೇರಿ, ಶಾಲೆಗಳಿಗೆ ಗಾಲಿಕುರ್ಚಿ ಹತ್ತುವ ಇಳಿಜಾರುಗಳನ್ನು ಗುತ್ತಿಗೆಯ ಮೇಲೆ ಅಳೆದುಕೊಡುತ್ತಿದ್ದೆ. ದುರ್ಗದ ದಕ್ಷಿಣಕ್ಕಿರುವ ಕುರುಚಲು ಕಾಡಿನಲ್ಲಿ ಮೂರು ನಡಿಗೆ ದಾರಿ ಮಾಡಬೇಕೆಂದು ಅರಣ್ಯ ಇಲಾಖೆಯಲ್ಲಿ ತೀರ್ಮಾನವಾದಾಗ, ಆದೇಶದಲ್ಲಿ 'ವೃದ್ಧರು ಹಾಗೂ ಅಂಗವಿಕಲರೂ ಸೇರಿದಂತೆ ಎಲ್ಲರಿಗೂ ಸುಲಭವಾದ' ಎಂಬ ಮಾತು ಸೇರಿಕೊಂಡಿತ್ತು. ಆ ಮಾತಿಗೆ ಯಾರಾದರೂ ಹೊಣೆ ಹೊರಬೇಕಿತ್ತು. ನನ್ನನ್ನು ಕರೆದರು.

ಮೊದಲ ದಿನ ಗುಡ್ಡದ ಬುಡದಲ್ಲಿ ಜೀಪಿನಿಂದ ಇಳಿದ ವಲಯದ ಅಧಿಕಾರಿ ನನ್ನ ಕಾಲನ್ನು ಒಮ್ಮೆ ನೋಡಿ, "ನೀವು ಹತ್ತಿದ್ರೆ ಯಾರು ಬೇಕಾದ್ರೂ ಹತ್ತಬಹುದು ಮೇಡಂ," ಅಂದರು. ನನಗೆ ಬೇಜಾರಾಗಲಿಲ್ಲ. ಅಳತೆಯ ದೃಷ್ಟಿಯಿಂದ ಅದು ಸರಿಯಾದ ಮಾತೇ.

ಮೊದಲೆರಡು ದಾರಿಗಳು ಕೆಳಗಿನ ಹುಲ್ಲುಗಾವಲಿನಲ್ಲಿ. ಸಂಕ್ರಾಂತಿ ಕಳೆದು ಹುಲ್ಲು ಒಣಗಿತ್ತು, ನೆಲ ಕಾಣುತ್ತಿತ್ತು. ಟೇಪು ಹಿಡಿದು, ಸುಣ್ಣದ ಪುಡಿ ಚೆಲ್ಲಿ ಗೆರೆ ಹಾಕಿದೆವು. ಒಂದು ಕಡೆ ಗೌಜಲಕ್ಕಿಯ ಗೂಡು ಕಂಡಿತೆಂದು ಗೆರೆಯನ್ನು ನಲವತ್ತು ಹೆಜ್ಜೆ ಆಚೆ ಸರಿಸಿದ್ದು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ. ಎರಡು ವಾರದಲ್ಲಿ ಮುಗಿಯಿತು.

ಮೂರನೆಯದು ಬೇರೆ. ಅದು ಬುಡದಿಂದ ಎರಡು ಗುಡ್ಡ ಕೂಡುವ ತಗ್ಗಿನವರೆಗೆ ಏರಬೇಕಿತ್ತು. ಅಲ್ಲಿ ನಿಂತರೆ ಒಂದು ಕಡೆ ದುರ್ಗ, ಇನ್ನೊಂದು ಕಡೆ ಐಮಂಗಲದ ಹೆದ್ದಾರಿ, ಮೋಡವಿಲ್ಲದ ದಿನ ತೆಳ್ಳಗೆ ಬೆಳ್ಳಗೆ ಮಾರಿಕಣಿವೆಯ ನೀರು ಕಾಣುತ್ತದೆ ಎಂದು ವಾಚರ್ ಹೇಳಿದ. ಕಾಡು ಕಾಯುವ ಈ ವಾಚರ್ ಮದಕರಿಪುರದ ಕಡೆಯವನು, ಐವತ್ತು ದಾಟಿದವನು. ಆ ಕೆಲಸದುದ್ದಕ್ಕೂ ನನಗೆ ಜೊತೆಯಾಗಿದ್ದವನು ಅವನೊಬ್ಬನೇ.

ಗಾಲಿಕುರ್ಚಿಯನ್ನು ಒಬ್ಬರು ದಣಿಯದೆ ತಳ್ಳಬೇಕಾದರೆ ಇಪ್ಪತ್ತು ಅಡಿ ಹೋದಾಗ ಒಂದು ಅಡಿಗಿಂತ ಹೆಚ್ಚು ಏರಬಾರದು. ಹನ್ನೆರಡಕ್ಕೆ ಒಂದಾದರೆ ತಳ್ಳಬಹುದು, ಆದರೆ ಬೇಗ ಬೇಗ ನಿಲ್ಲಬೇಕಾಗುತ್ತದೆ. ಅದಕ್ಕಿಂತ ಕಡಿದಾದರೆ ಅದು ಸುಲಭದ ದಾರಿಯಲ್ಲ, ಅಷ್ಟೆ. ನನ್ನ ಹತ್ತಿರ ಇಳಿಜಾರು ಅಳೆಯುವ ಹಿತ್ತಾಳೆಯ ಪುಟ್ಟ ಕೊಳವೆಯೊಂದಿದೆ. ಕಣ್ಣಿಗೆ ಹಿಡಿದು ಎದುರಿನ ಗುರುತನ್ನು ನೋಡಿದರೆ ಏರು ಎಷ್ಟೆಂದು ತೋರಿಸುತ್ತದೆ. ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ವಾಚರನ ಕೈಗೆ ಕೊಟ್ಟಿದ್ದೆ. ಅವನು ಮುಂದೆ ಹೋಗಿ ನಿಲ್ಲುವುದು, ನಾನು ನೋಡುವುದು, ಸರಿಯಾದರೆ ಗೂಟ ಹೊಡೆಯುವುದು, ಇಲ್ಲದಿದ್ದರೆ ಅವನನ್ನು ಮೇಲೆ ಕೆಳಗೆ ಸರಿಸುವುದು. ಹೀಗೆ ಒಂದು ದಿನಕ್ಕೆ ಮುನ್ನೂರು ಅಡಿ ಹೋದರೆ ಹೆಚ್ಚು.

ಮೊದಲು ವಾಚರುಗಳು ಗಸ್ತು ತಿರುಗುವ ಕಾಲುದಾರಿಯನ್ನೇ ಹಿಡಿದೆ. ಅದು ಆರಕ್ಕೆ ಒಂದು ಏರುತ್ತಿತ್ತು. ಬಿಟ್ಟೆ. ಆಮೇಲೆ ಗುಡ್ಡದ ಮುಖಕ್ಕೆ ಅಡ್ಡಡ್ಡ ತಿರುವು ಹಾಕಿ ನೋಡಿದೆ. ಹನ್ನೊಂದು ತಿರುವು ಬೇಕಾದವು, ಅದರಲ್ಲಿ ನಾಲ್ಕು ಸಡಿಲವಾದ ಜಾರುಗಲ್ಲಿನ ಮೇಲೆ. ಕಲ್ಲಿನ ಗೋಡೆ ಕಟ್ಟದೆ ಅಲ್ಲಿ ಏನೂ ನಿಲ್ಲುವುದಿಲ್ಲ. ಅದನ್ನೂ ಬಿಟ್ಟೆ. ಮೂರನೇ ಗೆರೆ ಹಳ್ಳದ ಬದಿಯಲ್ಲಿ, ಕಮರದ ಮರಗಳ ನೆರಳಿನಲ್ಲಿ. ಅದು ಎಷ್ಟು ಚೆನ್ನಾಗಿ ಸಾಗಿತೆಂದರೆ ನಾಲ್ಕು ದಿನ ನಾನು ಊಟದ ಡಬ್ಬಿಯನ್ನು ತೆರೆಯಲೂ ಮರೆಯುತ್ತಿದ್ದೆ. ಐದನೇ ದಿನ ದೊಡ್ಡ ಬಂಡೆಯೊಂದರ ಹತ್ತಿರ ವಾಚರ್ ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದ. ಬಾರೆ ಹಣ್ಣಿನ ಬೀಜ ತುಂಬಿದ್ದ ಹಿಕ್ಕೆ, ಇನ್ನೂ ಹಸಿ.

"ಮೇಡಂ, ಮಾತಾಡ್ದಂಗೆ ಹಿಂದಕ್ಕೆ ಹೋಗಾಣ," ಅಂದ. "ಕರಡಿ. ಮರಿ ಹಾಕೈತೆ ಅನ್ನಿಸ್ತೈತೆ."

ಮಾತಾಡದೆ ಹಿಂದಕ್ಕೆ ಹೋಗುವುದು ಕ್ಯಾಲಿಪರ್ ಕಟ್ಟಿದವಳಿಗೆ ಆಗದ ಮಾತು. ಪ್ರತಿ ಹೆಜ್ಜೆಗೂ ಕಬ್ಬಿಣ ಕಿರ್ರೆನ್ನುತ್ತದೆ. ಆ ಇನ್ನೂರು ಅಡಿ ಇಳಿದಿದ್ದು ಇವತ್ತಿಗೂ ನೆನಪಿದೆ. ಕೆಳಗೆ ಬಂದು ಕೂತಾಗ ಇಬ್ಬರ ಅಂಗಿಯೂ ಒದ್ದೆ. ಆ ಗೆರೆಯೂ ಹೋಯಿತು.

ಮರುದಿನ ಬೆಳಿಗ್ಗೆ, ಅಡ್ಡ ತಿರುವಿನ ಗೆರೆಯನ್ನೇ ಇನ್ನೊಮ್ಮೆ ನೋಡೋಣವೆಂದು ಹೋದರೆ ಅಲ್ಲಿ ಗೂಟಗಳೇ ಇರಲಿಲ್ಲ. ಸ್ವಲ್ಪ ಮೇಲೆ ಕುರಿಗಳು ಮೇಯುತ್ತಿದ್ದವು. ಬಂದರಿಕೆ ಪೊದೆಯ ನೆರಳಲ್ಲಿ ನನ್ನ ವಯಸ್ಸಿನವಳೇ ಒಬ್ಬ ಹೆಂಗಸು ಕೂತಿದ್ದಳು. ಗುಡ್ಡದ ಬುಡದ ಹಟ್ಟಿಯವಳೆಂದು ವಾಚರ್ ಹೇಳಿದ. ಗಂಡ ಸತ್ತ ಮೇಲೆ ಮಂದೆಯನ್ನು ಅವಳೇ ನೋಡಿಕೊಳ್ಳುತ್ತಿದ್ದಾಳಂತೆ.

"ಏನಕ್ಕ, ನಿಮ್ಮ ಕುರಿ ನನ್ನ ಗೂಟ ಎಲ್ಲಾ ಕಿತ್ತಾಕಿದಾವಲ್ಲ," ಅಂದೆ. ದನಿ ಗಡುಸಾಗಿಯೇ ಇತ್ತು.

"ಕುರಿ ಯಾಕೆ ಕೀಳ್ತಾವೆ ಮೇಡಮ್ಮ. ಕಾಲಿಗೆ ಸಿಕ್ಕಿ ಬಿದ್ದವು. ಎತ್ತಿಟ್ಟೀನಿ, ತಗಳ್ರಿ." ಗೂಟಗಳನ್ನೆಲ್ಲ ಸೇರಿಸಿ, ನಾರಿನಿಂದ ಕಟ್ಟಿ, ಕಲ್ಲಿನ ಪಕ್ಕ ಇಟ್ಟಿದ್ದಳು. ಆಮೇಲೆ ಕೇಳಿದಳು: "ಈ ಕಡೆ ದಾರಿ ಮಾಡ್ತೀರಂತೆ. ಯಾರಿಗೆ?"

"ನನ್ನಂಥೋರಿಗೆ."

ಅವಳು ನನ್ನ ಕಾಲನ್ನು ನೋಡಿದಳು. ಅಯ್ಯೋ ಅನ್ನಲಿಲ್ಲ. ಕುರಿಯ ಕಾಲು ನೋಡುವವರು ಹೇಗೆ ನೋಡುತ್ತಾರೋ ಹಾಗೆ, ಎಲ್ಲಿ ಮಡಚುತ್ತದೆ, ಎಲ್ಲಿ ಮಡಚುವುದಿಲ್ಲ ಎಂದು ನೋಡಿದಳು.

"ಹಂಗಾದ್ರೆ ಇದಲ್ಲ. ಇದು ಹೋತ ಹತ್ತೋ ದಾರಿ. ಗಬ್ಬದ ಕುರಿ ಹೋಗೋ ದಾರಿ ಬೇರೆ ಐತೆ. ಬರ್ರಿ, ತೋರಿಸ್ತೀನಿ."

ಗಬ್ಬ ಕಟ್ಟಿದ ಕುರಿಗಳನ್ನೂ ಆಗಷ್ಟೇ ಹುಟ್ಟಿದ ಮರಿಗಳನ್ನೂ ಕಡಿದಾದ ಏರಿಗೆ ಬಿಡುವುದಿಲ್ಲವಂತೆ. ಅವಕ್ಕೆಂದೇ ಅವಳ ಅತ್ತೆಯ ಕಾಲದಿಂದ ಇನ್ನೊಂದು ದಾರಿ. ಅದು ಶುರುವಾಗುತ್ತಿದ್ದದ್ದು ತಂಗಡಿಯ ಪೊದೆಗಳ ಹಿಂದೆ, ಮೇಲಿನ ತಗ್ಗಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ. ಶುರುವಿನಲ್ಲೇ ಅದು ಎರಡಾಳು ಆಳದಷ್ಟು ಕೆಳಗಿಳಿಯುತ್ತಿತ್ತು. ನನ್ನ ಕಣ್ಣಿಗೆ ಬೀಳದೇ ಹೋಗಿದ್ದು ಅದಕ್ಕೇ. ಏರಬೇಕಾದವರು ಮೊದಲು ಇಳಿಯುವ ದಾರಿಯನ್ನು ಹುಡುಕುವುದಿಲ್ಲ. ಇಳಿದಾದ ಮೇಲೆ ಗುಡ್ಡದ ಭುಜವನ್ನು ಸುತ್ತಿಕೊಂಡು ನಿಧಾನವಾಗಿ, ಅವಸರವಿಲ್ಲದೆ ಏರುತ್ತ ಹೋಗುತ್ತಿತ್ತು.

ಮುಂದೆ ಐದು ಗಬ್ಬದ ಕುರಿಗಳು, ಹಿಂದೆ ಅವಳು, ಅವಳ ಹಿಂದೆ ನಾನು, ಕೋಲು ಹಿಡಿದ ವಾಚರ್. ನಾನು ನಿಂತು ನಿಂತು ಕೊಳವೆಯಲ್ಲಿ ನೋಡಿದೆ. ಹದಿನೆಂಟಕ್ಕೆ ಒಂದು. ಇಪ್ಪತ್ತೆರಡಕ್ಕೆ ಒಂದು. ಇಪ್ಪತ್ತಕ್ಕೆ ಒಂದು. ಉಪಕರಣ ಕೆಟ್ಟಿದೆಯೇನೋ ಎಂದು ಕೋಲನ್ನೂ ಕೊಳವೆಯನ್ನೂ ಅದಲುಬದಲು ಮಾಡಿ ಮತ್ತೆ ನೋಡಿದೆ. ಕೆಟ್ಟಿರಲಿಲ್ಲ.

"ಅವು ನಿಂತಲ್ಲೇ ಗೂಟ ಹೊಡೀರಿ," ಅಂದಳು. ಗಬ್ಬದ ಕುರಿಗಳು ಉಸಿರು ಕಟ್ಟಿದಾಗ ತಾವಾಗಿಯೇ ನಿಲ್ಲುತ್ತಿದ್ದವು, ಸಮತಟ್ಟಾದ ಜಾಗ ನೋಡಿ ನಿಲ್ಲುತ್ತಿದ್ದವು. ದಣಿದವರು ಸುಧಾರಿಸಿಕೊಳ್ಳಲು ಸಮತಟ್ಟು ಎಲ್ಲಿ ಬೇಕೆಂದು ನಾನು ಕಾಗದದಲ್ಲಿ ಲೆಕ್ಕ ಹಾಕಿದ್ದೆ. ಅವು ಆ ಲೆಕ್ಕಕ್ಕಿಂತ ಒಳ್ಳೆಯ ಜಾಗಗಳನ್ನು ಆರಿಸಿದ್ದವು. ಎರಡು ಕಡೆ ಮಾತ್ರ ಏರು ಹೆಚ್ಚಿತ್ತು. ಅಲ್ಲಿ ನೆಲ ತುಸು ಕಡಿದರೆ ಸಾಕಾಗುತ್ತಿತ್ತು. ಜೊತೆಗಿದ್ದ ಕಬ್ಬಿಣದ ಸಲಾಕೆಯನ್ನು ಅಲ್ಲಲ್ಲಿ ನೆಲಕ್ಕೆ ಚುಚ್ಚಿ ನೋಡಿದೆ. ಅರ್ಧ ಬೆರಳಿನಷ್ಟೂ ಇಳಿಯಲಿಲ್ಲ. ಎಷ್ಟೋ ವರ್ಷದ ಗೊರಸುಗಳು ಬಡಿದು ಬಡಿದು ಗರಸು ಮಣ್ಣನ್ನು ಕಲ್ಲಿನಷ್ಟು ಗಟ್ಟಿ ಮಾಡಿದ್ದವು.

ಒಂದೂವರೆ ಗಂಟೆಯಲ್ಲಿ ತಗ್ಗಿಗೆ ಬಂದು ಮುಟ್ಟಿದೆವು. ನಾನು ಎಲ್ಲಿಯೂ ಕೂತಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ದುರ್ಗದ ಕೋಟೆ ಹತ್ತಿಸಿದ್ದರು. ಅದೊಂದನ್ನು ಬಿಟ್ಟರೆ ನಾನು ಎತ್ತರದಿಂದ ಊರು ನೋಡಿರಲಿಲ್ಲ. ನನ್ನ ಕಾಲಲ್ಲೇ ಬಂದು ನೋಡಿದ್ದು ಇದೇ ಮೊದಲು. ಗಾಳಿಯಂತ್ರಗಳ ರೆಕ್ಕೆಗಳು ಕಣ್ಣಿನ ಮಟ್ಟಕ್ಕೆ ತಿರುಗುತ್ತಿದ್ದವು. ಬಂಡೆಯ ದೊಣೆಯಲ್ಲಿ ನೀರಿತ್ತು. ಕುರಿಗಳು ಕುಡಿದವು. ಅವಳು ಸೆರಗಿನ ತುದಿಯನ್ನು ಅದ್ದಿ ಮುಖ ಒರೆಸಿಕೊಂಡು, "ಕುಂತ್ಕಳ್ರಿ," ಅಂದಳು.

ತಗ್ಗಿನಾಚೆಯ ಹೊಲಗಳಲ್ಲಿ ಅವಳು ಮಂದೆ ನಿಲ್ಲಿಸುತ್ತಿದ್ದಳು. ಗೊಬ್ಬರಕ್ಕಾಗಿ ಹೊಲದವರೇ ಕರೆಯುತ್ತಾರೆ, ಬದಲಿಗೆ ರಾಗಿ, ಜೋಳ ಕೊಡುತ್ತಾರೆ. ಅಲ್ಲಿಗೆ ಹೋಗಲು ಈ ದಾರಿ ಬಿಟ್ಟರೆ ಇರುವುದು ಗುಡ್ಡ ಸುತ್ತುವ ಡಾಂಬರು ರಸ್ತೆ. ಅದು ಮೂರು ಪಾಲು ದೂರ.

"ನೀವು ದಾರಿ ಮಾಡಿದ ಮ್ಯಾಲೆ ನಮ್ಮನ್ನ ಬಿಡ್ತಾರಾ?" ಅಂತ ಕೇಳಿದಳು.

"ಬಿಡ್ತಾರೆ ಅಕ್ಕ. ಇದು ನಿಮ್ಮ ದಾರಿ ಅಂತ ನಾನೇ ಬರೀತೀನಿ."

"ಬರೀರಿ ಮತ್ತೆ," ಅಂದಳು. ಅಷ್ಟೆ.

ಬರೆದೆ. ವರದಿಯಲ್ಲಿ 'ದಾರಿಯ ಈಗಿನ ಬಳಕೆದಾರರು' ಎಂಬ ಕಡೆ, ಹಟ್ಟಿಯ ಕುರಿ ಮಂದೆಗಳು ತಲೆಮಾರುಗಳಿಂದ ಈ ದಾರಿಯಲ್ಲಿ ಓಡಾಡುತ್ತಿವೆ, ಈ ಬಳಕೆ ಮುಂದುವರಿಯಬೇಕು ಎಂದು ಒಂದು ಪ್ಯಾರಾ ಬರೆದೆ. ನಕ್ಷೆಯ ಮೇಲೂ ಗುರುತು ಹಾಕಿದೆ. ದುರ್ಗದ ಕಚೇರಿಯಲ್ಲಿ ಸಭೆ ಕರೆದರು. ಅಧಿಕಾರಿ, ಕಾಮಗಾರಿ ವಹಿಸಿಕೊಂಡಿದ್ದ ಗುತ್ತಿಗೆದಾರ, ನಾನು, ಮೂವರೇ.

ಗುತ್ತಿಗೆದಾರ ದಾರಿಗೆ ಸಿಮೆಂಟಿನ ಬ್ಲಾಕ್ ಹಾಕಬೇಕೆಂದು ತಯಾರಾಗಿ ಬಂದಿದ್ದ. ನಾನು ಒಪ್ಪಲಿಲ್ಲ. ಬ್ಲಾಕಿನ ಮೇಲೆ ಧೂಳು ಕೂತರೆ ಕ್ಯಾಲಿಪರಿನ ಬೂಟು ಜಾರುತ್ತದೆ. ಬೇರು ಬೆಳೆದು ಒಂದು ಬ್ಲಾಕ್ ಮೇಲೆದ್ದರೆ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿ ಸಿಕ್ಕಿಕೊಂಡು, ಕೂತವರು ಮುಂದಕ್ಕೆ ಬೀಳುತ್ತಾರೆ. ಬೇಸಿಗೆಯಲ್ಲಿ ಅದರ ಕಾವಿಗೆ ಅಲ್ಲಿ ನಿಲ್ಲುವ ಹಾಗಿರುವುದಿಲ್ಲ. ಅಲ್ಲಿಯದೇ ಗರಸಿಗೆ ಸುಣ್ಣ ಬೆರೆಸಿ ದಿಮ್ಮಸಿನಿಂದ ಬಡಿದರೆ ಸಾಕು, ಹೊರಬದಿಗೆ ತುಸು ವಾಟ ಕೊಟ್ಟರೆ ನೀರು ನಿಲ್ಲದೆ ಹರಿದುಹೋಗುತ್ತದೆ. ಇದನ್ನೆಲ್ಲ ಒಂದು ಗಂಟೆ ಹೇಳಿದೆ. ಇಪ್ಪತ್ತು ವರ್ಷ ಇಳಿಜಾರು ಅಳೆದವಳು ನಾನು, ಮಣ್ಣಿನಲ್ಲಿ ಇಂಥದ್ದೊಂದು ಮಾಡಿ ತೋರಿಸಬೇಕೆಂಬ ಆಸೆ ಬಹಳ ದಿನದ್ದು.

ಅಧಿಕಾರಿ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ವರದಿಯ ಆ ಪುಟವನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮ ಮಣ್ಣಿನ ದಾರಿಗೆ ನಾನು ಸಹಿ ಹಾಕ್ತೀನಿ ಮೇಡಂ. ಆದ್ರೆ ಅದರ ಮೇಲೆ ಕುರಿ ಮಂದೆ ನಡೀತಾವೆ ಅಂತ ನೀವೇ ಬರೆದಿದ್ದೀರಿ. ಮಣ್ಣು ಎಷ್ಟು ದಿನ ತಡೀತೈತೆ ಅಂತ ಮೇಲಿನವರು ಮೊದಲು ಕೇಳೋದು ಅದನ್ನೇ. ಕುರಿ ಇರ್ಲಿ ಅಂದ್ರೆ ಬ್ಲಾಕ್ ಹಾಕಿಸ್ತೀನಿ. ಮಣ್ಣೇ ಬೇಕು ಅಂದ್ರೆ ಈ ಪ್ಯಾರಾ ತೆಗೀರಿ. ಯೋಚನೆ ಮಾಡಿ ನಾಳೆ ಹೇಳಿ."

ನಾಳೆಯವರೆಗೆ ನಾನು ಕಾಯಲಿಲ್ಲ. ಅಲ್ಲೇ ಗುಮಾಸ್ತರ ಕಂಪ್ಯೂಟರಿನ ಮುಂದೆ ಕೂತು ಪ್ಯಾರಾ ಅಳಿಸಿದೆ. ಖಾಲಿ ಬಿಡುವ ಹಾಗಿಲ್ಲ ಎಂದು ಗುಮಾಸ್ತರು ಹೇಳಿದರು. 'ಯಾರೂ ಇಲ್ಲ' ಎಂದು ಟೈಪ್ ಮಾಡಿದೆ. ನಕ್ಷೆಯ ಗುರುತನ್ನೂ ತೆಗೆದೆ.

ಇದನ್ನು ಯಾರೂ ಹೆದರಿಸಿ ಮಾಡಿಸಲಿಲ್ಲ. ಕೆಲಸ ಹೋಗುತ್ತದೆಂಬ ಭಯವೂ ಆಗ ಇರಲಿಲ್ಲ. ಆ ಮಣ್ಣು ಕುರಿಗಳಿಂದ ಕೆಡುವುದಿಲ್ಲ, ಅದು ಗಟ್ಟಿಯಾದದ್ದೇ ಕುರಿಗಳಿಂದ ಎಂದು ನನಗೆ ಗೊತ್ತಿತ್ತು. ಸಲಾಕೆ ಚುಚ್ಚಿ ನೋಡಿದವಳು ನಾನೇ. ಆ ಒಂದು ಮಾತನ್ನು ಅಧಿಕಾರಿಯ ಎದುರು ಹೇಳಬಹುದಿತ್ತು. ಹೇಳಿದರೆ ಚರ್ಚೆ ಮತ್ತೆ ಶುರುವಾಗುತ್ತದೆ, ಕೈಗೆ ಬಂದ ಸಹಿ ತಪ್ಪುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಮುಂದೆ ಹೇಗಾದರೂ ಸರಿ ಮಾಡಬಹುದು ಎಂದುಕೊಂಡೆ. ಹೇಗೆ ಎಂದು ಯೋಚಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಕೆಲಸ ಶುರುವಾಯಿತು. ಹೊಳಲ್ಕೆರೆ ಕಡೆಯಿಂದ ಹನ್ನೆರಡು ಜನ ಹೆಂಗಸರು ಬಂದಿದ್ದರು. ಗರಸನ್ನು ಜರಡಿ ಹಿಡಿದು, ಸುಣ್ಣ ಕಲಸಿ, ಮೂರು ಬೆರಳು ದಪ್ಪ ಹರಡಿ, ನೀರು ಚಿಮುಕಿಸಿ ಬಡಿಯುವುದು. ಒಣಗಿದ ಮೇಲೆ ಮತ್ತೊಂದು ಪದರ. ಅಗಲ ಐದು ಅಡಿ. ಪ್ರತಿ ಸಮತಟ್ಟಿನಲ್ಲೂ ಕೂರಲು ಒಂದು ಚಪ್ಪಡಿ. ನಾನು ಪ್ರತಿ ದಿನದ ಕೆಲಸದ ಮೇಲೆ ಸಂಜೆ ಒಮ್ಮೆ ನಡೆದು ನೋಡುತ್ತಿದ್ದೆ. ಬೂಟಿಗೆ ಎಲ್ಲಾದರೂ ತಗ್ಗು ಸಿಕ್ಕರೆ ಮರುದಿನ ಅಷ್ಟನ್ನು ಕಿತ್ತು ಮತ್ತೆ ಬಡಿಸುತ್ತಿದ್ದೆ.

ಅಷ್ಟೂ ದಿನ ಅವಳು ಕುರಿಗಳೊಂದಿಗೆ ಅದೇ ದಾರಿಯಲ್ಲಿ ಬಂದು ಹೋಗುತ್ತಿದ್ದಳು. ಹಸಿ ಪದರ ಕಂಡರೆ ಕುರಿಗಳನ್ನು ಪಕ್ಕದ ಕಲ್ಲಿನ ಮೇಲೆ ಹತ್ತಿಸಿ ಸುತ್ತಿಸುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಜೊತೆ ಊಟಕ್ಕೆ ಕೂತು, ಗುಡ್ಡದ ಭುಜದ ತಿರುವನ್ನು ತೋರಿಸಿ, "ಅಲ್ಲಿ ಮಳೆ ನೀರು ಮ್ಯಾಲಿಂದ ಧುಮುಕ್ತೈತೆ. ನಿಮ್ಮ ವಾಟ ಗೀಟ ನಡೆಯಲ್ಲ. ಅಡಿಯಾಗೆ ಕಲ್ಲು ಜೋಡಿಸಿ ನೀರಿಗೆ ದಾರಿ ಬಿಡ್ರಿ," ಅಂದಳು. ಹಾಗೇ ಮಾಡಿದೆ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ನಾನೂ ವಾಚರನೂ ಕೊಡೆ ಹಿಡಿದು ಹೋಗಿ ನೋಡಿದೆವು. ಅವಳು ಹೇಳಿದ ಜಾಗದಲ್ಲೇ ನೀರು ಧುಮುಕಿ, ಕಲ್ಲಿನ ಸಂದಿನಿಂದ ಕೆಳಗೆ ಹಾದು, ದಾರಿಯನ್ನು ಮುಟ್ಟದೆ ಹೋಗುತ್ತಿತ್ತು. ಉಳಿದ ದಾರಿಯುದ್ದಕ್ಕೂ ಒಂದು ಗೀರೂ ಬಿದ್ದಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಆದದ್ದು ಅದೊಂದೇ ದಿನ.

ವರದಿಯಲ್ಲಿ ಏನು ಮಾಡಿದ್ದೇನೆಂದು ಅವಳಿಗೆ ನಾನು ಹೇಳಲಿಲ್ಲ. ಎರಡೂವರೆ ತಿಂಗಳು, ವಾರಕ್ಕೆರಡು ಸಲವಾದರೂ ಎದುರಾಗುತ್ತಿದ್ದಳು. ಹೇಳಲಿಲ್ಲ.

ಮಳೆಗಾಲದ ನಡುವೆ, ದನಕುರಿ ನುಗ್ಗದಂತೆ ದಾರಿಯ ಸುತ್ತ ಬೇಲಿ ಹಾಕುವ ಮಾತು ಬಂತು. ಇಂಥದ್ದು ಬರುತ್ತದೆಂದು ನನಗೆ ಗೊತ್ತಿತ್ತು. ದಾರಿಯ ಎರಡು ತುದಿಗೂ ನಾಲ್ಕಡಿ ಅಗಲದ, ಒಂದೇ ಕೈಯಲ್ಲಿ ತಳ್ಳಿದರೆ ತೆರೆದು ತಾನಾಗಿ ಮುಚ್ಚಿಕೊಳ್ಳುವ ಗೇಟಿನ ನಕ್ಷೆ ಮಾಡಿಕೊಟ್ಟೆ. ಚಿಲಕದ ಎತ್ತರ ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಸಿಗುವಷ್ಟು. ಗೇಟು ಎಂದ ಮೇಲೆ ವಾಚರನನ್ನು ಒಪ್ಪಿಸಿ ಅವಳಿಗೂ ತೆಗೆದುಕೊಡಿಸಬಹುದು ಎಂಬ ಲೆಕ್ಕಾಚಾರ ನನ್ನದು. ಅಷ್ಟರಲ್ಲಿ ಹೊಸದುರ್ಗದಲ್ಲಿ ಶಾಲೆಯೊಂದರ ಇಳಿಜಾರಿನ ಕೆಲಸ ಬಂದು ಒಂದು ವಾರ ಅಲ್ಲಿಗೆ ಹೋದೆ.

ನಾಲ್ಕನೇ ದಿನ ವಾಚರ್ ಫೋನ್ ಮಾಡಿದ.

"ಮೇಡಂ, ಬೇಲಿ ಎಳೀತಾವ್ರೆ. ಆ ಕುರಿ ಅಕ್ಕ ಬಂದು ನಿಂತೈತೆ. ಬೇಲಿಯೋರು ಹೋಗು ಅಂದ್ರೂ ಹೋಗ್ತಿಲ್ಲ."

"ಏನಂತಾಳೆ?"

"ಮೇಡಮ್ಮ ಬರೆದವ್ರೆ, ಅವರು ಬಂದ ಮ್ಯಾಲೆ ಕೇಳ್ರಿ ಅಂತೈತೆ. ಮೂರು ದಿನದಿಂದ ಅದೇ ಮಾತು. ಜಗಳ ಇಲ್ಲ ಏನಿಲ್ಲ. ಬರ್ತೈತೆ, ನಿಂತ್ಕಂತೈತೆ, ಹೋಗ್ತೈತೆ. ಏನು ಹೇಳ್ಲಿ?"

"ಬರ್ತೀನಿ, ಬಂದು ಮಾತಾಡ್ತೀನಿ," ಅಂದೆ. ಅವತ್ತೇ ಬಸ್ಸು ಹತ್ತಬಹುದಿತ್ತು. ಹೊಸದುರ್ಗದಿಂದ ದುರ್ಗ ಎಷ್ಟು ದೂರ. ಕೆಲಸ ಮುಗಿಸಿಯೇ ಹೋಗೋಣವೆಂದು ಇನ್ನೂ ಮೂರು ದಿನ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ, ಅವಳು ಬೇಲಿಯ ಹತ್ತಿರ ನಿಲ್ಲುವುದನ್ನು ಬಿಟ್ಟ ಮೇಲೆ ಹೋಗೋಣವೆಂದು ಕಾದೆ.

ನಾನು ಹೋದಾಗ ಅವಳಿರಲಿಲ್ಲ. ಬೇಲಿ ಮುಗಿದಿತ್ತು. ನಾನು ಬರೆದ ಗೇಟೂ ಇರಲಿಲ್ಲ. ಅದರ ಜಾಗದಲ್ಲಿ ಕಬ್ಬಿಣದ ಕಂಬಗಳನ್ನು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಹುಗಿದು, ನಡುವೆ ಒಬ್ಬ ಮನುಷ್ಯ ಮೈ ತಿರುಗಿಸಿ ನುಸುಳುವಷ್ಟು ಸಂದಿ ಬಿಟ್ಟಿದ್ದರು. ಬುಡಕ್ಕೆ ಕಾಂಕ್ರೀಟು ಹಾಕಿ ಆಗಿತ್ತು.

"ನಿಮ್ಮ ಗೇಟನ್ನ ಜನ ತೆಗೆದಿಟ್ಟೇ ಹೋಗ್ತಾರೆ ಮೇಡಂ. ಕುರಿ ನುಗ್ತಾವೆ," ಅಂದ ಗುತ್ತಿಗೆದಾರ. "ಇದಾದ್ರೆ ಕುರಿ ಮಂದೆ, ಬೈಕು ಯಾವುದೂ ಬರಲ್ಲ. ಸಾಹೇಬ್ರು ಒಪ್ಪಿದಾರೆ."

"ಗಾಲಿಕುರ್ಚಿ?"

ಅವನು ಕಂಬಗಳನ್ನು ನೋಡಿದ. ಅದುವರೆಗೆ ಅವನು ಅದನ್ನು ಯೋಚಿಸಿಯೇ ಇರಲಿಲ್ಲ ಎಂದು ಮುಖ ಹೇಳುತ್ತಿತ್ತು. "ಅಂಥೋರು ಬಂದ್ರೆ ನಾಲ್ಕು ಜನ ಎತ್ತಿ ದಾಟಿಸ್ತಾರೆ ಬಿಡಿ," ಅಂದ.

ಅಧಿಕಾರಿಗೆ ಹೇಳಿದೆ. ಉದ್ಘಾಟನೆ ಮುಗಿಯಲಿ, ಆಮೇಲೆ ಬದಲಾಯಿಸೋಣ ಅಂದರು.

ಉದ್ಘಾಟನೆಗೆ ದುರ್ಗದಿಂದ ಒಂದಷ್ಟು ಜನ ಬಂದಿದ್ದರು. ಅವರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ಪಾರ್ಶ್ವವಾಯು ಆಗಿ ಗಾಲಿಕುರ್ಚಿಯಲ್ಲಿದ್ದವರು. ಪತ್ರಿಕೆಯಲ್ಲಿ ಓದಿ, ಮಗಳಿಗೆ ದುಂಬಾಲು ಬಿದ್ದು ಬಂದಿದ್ದರಂತೆ. ಟೇಪು ಕತ್ತರಿಸಿದ ಮೇಲೆ ಅಧಿಕಾರಿಯೂ ಇನ್ನು ಕೆಲವರೂ ಒಬ್ಬೊಬ್ಬರಾಗಿ ಕಂಬಗಳ ನಡುವೆ ನುಸುಳಿ ಒಳಗೆ ಹೋದರು. ಮಗಳು ಕುರ್ಚಿಯನ್ನು ತಂದು ನೇರವಾಗಿ ತಳ್ಳಿ ನೋಡಿದಳು, ಓರೆ ಮಾಡಿ ತಳ್ಳಿ ನೋಡಿದಳು. ಹೋಗಲಿಲ್ಲ. ಗುತ್ತಿಗೆದಾರನ ಕಡೆಯ ನಾಲ್ವರು ಓಡಿ ಬಂದು ಕುರ್ಚಿಗೆ ಕೈ ಹಾಕಿದರು.

"ಮುಟ್ಟಬೇಡಿ," ಅಂದರು ಆಕೆ. ಮಾತು ಒಂದು ಬದಿಗೆ ಎಳೆಯುತ್ತಿತ್ತು, ಆದರೆ ಸ್ಪಷ್ಟವಾಗಿತ್ತು. "ನಾನು ಮೂಟೆ ಅಲ್ಲ. ನಡಿಯೇ, ಮನೆಗೆ ಹೋಗೋಣ."

ಮಗಳು ಕುರ್ಚಿ ತಿರುಗಿಸಿದಳು. ನಾನು ಅವರ ಹತ್ತಿರ ಹೋಗಿ ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅಧಿಕಾರಿ, "ಬನ್ನಿ ಮೇಡಂ, ನೀವೇ ಮೊದಲು ಇರಬೇಕು," ಎಂದು ಒಳಗಿನಿಂದ ಕರೆದರು. ಹೋದೆ. ನನ್ನ ಕ್ಯಾಲಿಪರಿಗೆ ಮೊಣಕಾಲಿನ ಹತ್ತಿರ ಬೀಗವಿದೆ, ನಿಂತಿರುವಾಗ ಕಾಲು ಮಡಚುವುದಿಲ್ಲ. ಎರಡನೇ ಕಂಬದ ಹತ್ತಿರ ಮೈ ತಿರುಗಿಸಬೇಕಾದಾಗ ಕಾಲು ತಿರುಗಲಿಲ್ಲ, ಊರುಗೋಲು ಇಡಲು ಜಾಗವಿರಲಿಲ್ಲ. ಹಿಂದಕ್ಕೂ ಬರಲಾಗಲಿಲ್ಲ. ನನ್ನ ಹಿಂದೆ ಜನ ನಿಂತಿದ್ದರು. ಕೊನೆಗೆ ವಾಚರ್ ಬಂದು, ತಲೆ ತಗ್ಗಿಸಿಕೊಂಡು, ನನ್ನ ಎರಡೂ ತೋಳಿನ ಕೆಳಗೆ ಕೈ ಹಾಕಿ ಎತ್ತಿ ಆಚೆಗಿಟ್ಟ. ಯಾರೋ ಫೋಟೊ ತೆಗೆದರು. ಮರುದಿನದ ಪತ್ರಿಕೆಯಲ್ಲಿ, ಅಂಗವಿಕಲರಿಗೂ ನೆರವಾಗುವ ಸಿಬ್ಬಂದಿ ಎಂದು ಅದೇ ಫೋಟೊ ಬಂತು.

ಆಮೇಲೆ ನಾನು ಮಾಡಿದ್ದು ಇಷ್ಟು. ಕಾಮಗಾರಿ ಮುಗಿದ ಪ್ರಮಾಣಪತ್ರದಲ್ಲಿ 'ಗಾಲಿಕುರ್ಚಿ ಬಳಕೆಗೆ ಯೋಗ್ಯ' ಎಂಬ ಸಾಲಿಗೆ ಸಹಿ ಹಾಕಲಿಲ್ಲ. ಕಂಬ ಕಿತ್ತು ಗೇಟು ಹಾಕಬೇಕು, ಕುರಿ ಮಂದೆಗೆ ದಾರಿ ಬಿಡಬೇಕು, ಮೂಲ ವರದಿಯಲ್ಲಿ ಬಳಕೆದಾರರಿಲ್ಲ ಎಂದು ನಾನು ಬರೆದದ್ದು ಸುಳ್ಳು ಎಂದು ಪತ್ರ ಬರೆದೆ. ಸಹಿಯನ್ನು ಇನ್ನೊಬ್ಬ ಡಿಪ್ಲೊಮಾದವನು ಬಂದು ಹಾಕಿಹೋದ. ಪತ್ರ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಎರಡನೇ ಸಲ ಬರೆದದ್ದಕ್ಕೆ ಉತ್ತರವೂ ಬರಲಿಲ್ಲ. ನನ್ನ ಗುತ್ತಿಗೆ ಆ ವರ್ಷಕ್ಕೆ ನಿಂತಿತು. ಅದರ ಬಗ್ಗೆ ದೂರಿಲ್ಲ. ಆ ಪತ್ರವನ್ನು ಆರು ತಿಂಗಳ ಮುಂಚೆ ಬರೆದಿದ್ದರೆ ದೂರುವ ಹಕ್ಕಿರುತ್ತಿತ್ತು.

ಹಟ್ಟಿಗೆ ಎರಡು ಸಲ ಹೋದೆ. ಎರಡು ಸಲವೂ ಮಂದೆಯ ಜೊತೆ ಹೊರಗೆ ಹೋಗಿದ್ದಾಳೆ ಅಂದರು.

ಅವಳು ಸಿಕ್ಕಿದ್ದು ಮಾಗಿಯ ಚಳಿಯಲ್ಲಿ, ಐಮಂಗಲದ ಕಡೆ ಹೋಗುವ ರಸ್ತೆಯಲ್ಲಿ. ಹಿರಿಯೂರಿನ ಒಂದು ಕೆಲಸಕ್ಕೆಂದು ನನ್ನ ಮೂರು ಚಕ್ರದ ಸ್ಕೂಟರಿನಲ್ಲಿ ಹೊರಟಿದ್ದೆ. ರಸ್ತೆಯ ಅಂಚಿನಲ್ಲಿ ಮಂದೆ ಸಾಲಾಗಿ ಬರುತ್ತಿತ್ತು. ಕೊನೆಯಲ್ಲಿ ಅವಳು, ಕಂಕುಳಲ್ಲಿ ಒಂದು ಮರಿ. ಸ್ಕೂಟರ್ ನಿಲ್ಲಿಸಿದೆ. ಗುರುತು ಹಿಡಿದಳು, ನಿಂತಳು. ಒಂದು ಕುರಿ ಕುಂಟುತ್ತಿತ್ತು. ಮಾತಾಡುವ ಮೊದಲು ಅದರ ಕಾಲನ್ನು ಎತ್ತಿ, ಗೊರಸಿನ ಸಂದಿಗೆ ಸಿಕ್ಕಿದ್ದ ಜಲ್ಲಿ ಚೂರನ್ನು ಬೆರಳಿನಿಂದ ತೆಗೆದು ಎಸೆದಳು.

"ಅಕ್ಕ, ನಾನು ಬರೆದಿದ್ದೆ," ಅಂದೆ. "ಆಮೇಲೆ ನಾನೇ ಅಳಿಸಿದೆ. ನಿಮಗೆ ಹೇಳಲಿಲ್ಲ."

ಅವಳು ಕುರಿಯ ಕಾಲನ್ನು ಕೆಳಗಿಟ್ಟಳು. "ಯಾಕೆ ಅಳಿಸಿದ್ರಿ?"

"ಸಿಮೆಂಟು ಹಾಕ್ತೀವಿ ಅಂದ್ರು. ಮಣ್ಣಿನ ದಾರಿ ಉಳಿಸ್ಕೊಳ್ಳಾಕೆ."

"ಉಳೀತಾ?"

"ಉಳಿದೈತೆ."

ಅವಳು ತಲೆಯಾಡಿಸಿದಳು. ಸಿಟ್ಟು ಕಾಣಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಈಗ ಅಲ್ಲಿ ಯಾರು ನಡೀತಾರೆ?" ಅಂತ ಕೇಳಿದಳು.

"ಬೆಳಿಗ್ಗೆ ದುರ್ಗದಿಂದ ಕಾರಲ್ಲಿ ಬರ್ತಾರೆ. ವಾಕಿಂಗ್‌ನೋರು. ಒಂದಿಷ್ಟು ಜನ ಓಡ್ತಾರೆ."

"ಓಡ್ತಾರಾ."

"ಹೂಂ."

ದೂರದಲ್ಲಿ ಲಾರಿಯೊಂದರ ಹಾರ್ನ್ ಕೇಳಿಸಿತು. ಅವಳು ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ನಾಲಿಗೆಯಿಂದ ಸದ್ದು ಮಾಡಿ ಕುರಿಗಳನ್ನು ರಸ್ತೆಯಿಂದ ಕೆಳಗಿಳಿಸತೊಡಗಿದಳು. ಕುಂಟುತ್ತಿದ್ದ ಕುರಿ ಹಿಂದುಳಿಯಿತು. ಅದರ ಬೆನ್ನ ಮೇಲೆ ಕೈಯಿಟ್ಟು ತಳ್ಳುತ್ತ, ನನ್ನ ಕಡೆ ತಿರುಗದೆಯೇ ಕೇಳಿದಳು:

"ಓಡೋರಿಗೆ ಆ ದಾರಿ ಯಾಕೆ ಬೇಕಿತ್ತು ಮೇಡಮ್ಮ?"